ಹಸಿರು ಓಣಿಯ ಬಾಪೂಸಾಹೇಬರು

ಬಾಪೂಸಾಹೇಬರು ಕೆಟ್ಟದ್ದು ನಾಲ್ಕು ಕನ್ನಡ ಮಾತಿಗೆ. ಮೂರು ವಾರದ ಹಿಂದೆ ಸಾಂಗಲಿಯ ತಮ್ಮ ಮನೆಯ ಪಡಸಾಲೆಯಲ್ಲಿ ಸಂಜೆಯ ಊಟಕ್ಕೆ ಕೂತಿದ್ದರು. ಹಸಿರು ಟೀಶರ್ಟಿನ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, “ಕಾಕಾ, ಊಟಾ ನಡದೈತೇನ್ರಿ? ಹೊತ್ತ ಮುಳಗೋದ್ರಾಗ ಉಣ್ಣಾವ್ರಂದ್ರ ನೀವಽ ನೋಡ್ರಿ!” ಅಂದಳು.

ಸ್ವಂತ ಮೊಮ್ಮಕ್ಕಳೇ ಮರಾಠಿಯಲ್ಲಿ ‘ಆಜೋಬಾ’ ಎಂದು ಕರೆಯುವ ಕಾಲ. ಬಾಪೂಸಾಹೇಬರು ಕರಗಿ ನೀರಾದರು. ಹುಡುಗಿ ಗಡಿಯ ಸಲಗರೆ ಊರಿನವಳು, ಹೆಸರು ಸ್ವಪ್ನಾಲಿ, ಮನೆಮನೆಗೆ ದಿನಸಿ ಮುಟ್ಟಿಸುವ ‘ಭುರ್ಕನ್’ ಕಂಪನಿಯ ಜಾಹೀರಾತಿನವಳು. ಅವಳು ಫೋಟೋ ತೆಗೆದಳು, ಇವರು ನಕ್ಕರು. ಅವಳು ಕಾಗದ ಚಾಚಿದಳು, ಇವರು ಚಷ್ಮಾ ಹುಡುಕದೆ ಸಹಿ ಹಾಕಿದರು.

“ವರ್ಷತನಾ ಯಾವಾಗರೆ ಬಂದ ಫೋಟೋ ತಗೀತೇವ್ರಿ ಕಾಕಾ.”

“ತಗೀವಾ, ನಿನ್ನ ಮನೀನಽ ಅಂತ ತಿಳಿ.”

ಅವಳು ಒಂದು ಹಸಿರು ಕೊಡೆ ಕೊಟ್ಟು ಹೋದಳು. ಮರುವಾರ ಓಣಿಯ ಬಾಯಿಗೆ ಮಂಚದಷ್ಟು ದೊಡ್ಡ ಬೋರ್ಡು ಬಂತು. ಅದರಲ್ಲಿ ಬಾಯಿಗೆ ತುತ್ತಿಡುತ್ತಿರುವ ಬಾಪೂಸಾಹೇಬರು. ಕೆಳಗೆ ಮರಾಠಿಯಲ್ಲಿ, ‘ನಮ್ಮ ಓಣಿ, ಹಸಿರು ಓಣಿ! ಹತ್ತೇ ನಿಮಿಷ, ಹೊತ್ತು ಮುಳುಗುವ ಮೊದಲೇ ಮನೆಗೆ!’

ಹಸಿರು ಏನಿದ್ದರೂ ಬೋರ್ಡಿನಲ್ಲಿ ಮಾತ್ರ. ಓಣಿಯ ತುದಿಯ ಹಳೇ ಅರಿಶಿಣದ ಗೋದಾಮನ್ನು ಹಿಡಿದ ಭುರ್ಕನ್, ಅಲ್ಲಿಂದ ದಿನವಿಡೀ ನಲವತ್ತು ಪೆಟ್ರೋಲ್ ಗಾಡಿ ಓಡಿಸುತ್ತಿತ್ತು. ಎರಡು ಎಮ್ಮೆ ಎದುರಾದರೆ ಒಂದು ಹಿಂದಕ್ಕೆ ಸರಿಯಬೇಕಾದ ಓಣಿ ಅದು. ಮೂಲೆಯ ಹಣ್ಣಿನ ಗಾಡಿಯವನು ಒಂದೇ ವಾರಕ್ಕೆ ಜಾಗ ಖಾಲಿ ಮಾಡಿದ. ಹೊಗೆಗೆ ಒಗೆದ ಬಟ್ಟೆ ಕಪ್ಪಾಗತೊಡಗಿದವು.

ಬಟ್ಟೆಯ ಮಾತು ಬಿಡಿ, ಬಾಪೂಸಾಹೇಬರ ಎದೆಗೆ ನಾಟಿದ್ದು ಸಿದ್ರಾಮಪ್ಪ. ಬೆಲ್ಲದ ವ್ಯಾಪಾರ ಬಿಟ್ಟು ಮನೆಯಲ್ಲಿದ್ದ, ದಮ್ಮಿನ ರೋಗದವ. ಮೂವತ್ತು ವರ್ಷ ದಿನಾ ಸಂಜೆ ಇಬ್ಬರೂ ಬಾಪೂಸಾಹೇಬರ ಕಟ್ಟೆಯ ಮೇಲೆ ಕೂತು ಜಗಳಾಡಿದವರು. ಬೋರ್ಡು ಬಂದ ದಿನ ಸಿದ್ರಾಮಪ್ಪ ಕೆಮ್ಮುತ್ತಾ, “ನನ್ನ ದಮ್ಮಿನ ಮ್ಯಾಲ ಕುಂತ ತುತ್ತ ಉಣ್ಣಾಕತ್ತೀಯಲ್ಲೊ ಬಾಪೂ,” ಎಂದು ಎದ್ದು ಹೋದವ ಮತ್ತೆ ಬರಲಿಲ್ಲ. ರಸ್ತೆಯಾಚೆ, ಎದುರುಮನೆಯ ಕಾಂಚನಾಳ ಮೋಟು ಗೋಡೆಯ ಹಿಂದೆ ಅವನ ಮನೆ. ಗಾಳಿ ಬರುವ ಒಂದೇ ಒಂದು ಕಿಟಕಿಯಲ್ಲಿ ಕೂತು ಇತ್ತ ನೋಡುತ್ತಿದ್ದ, ಮಾತಿಲ್ಲ. ಬೈದಿದ್ದರೂ ಬಾಪೂಸಾಹೇಬರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

“ಇವತ್ತ ಆ ಬೋರ್ಡ ಇಳಸೇ ಬರ್ತೇನಿ,” ಎಂದು ಆ ಬೆಳಿಗ್ಗೆ ಟೋಪಿ ಹಾಕಿಕೊಂಡರು.

“ಇಳಸ್ರಿ, ಆದ್ರ ಉಂಡ ಹೋಗ್ರಿ,” ಅಂದರು ಹೆಂಡತಿ ಅನುಸೂಯಾಬಾಯಿ. ಅವರು ಹರಿಪುರದ ಅಕ್ಕನ ಮನೆಗೆ ಹೊರಟಿದ್ದರು. “ರೊಟ್ಟಿ ಪಲ್ಯಾ ಮುಚ್ಚಿಟ್ಟೇನಿ. ನಾ ಬರೂದು ನಾಳೆ.”

“ಹತ್ತ ಮಿನಿಟಿನ ಕೆಲಸಾ. ಬಂದ ಉಣ್ತೇನಿ.”

ಕಂಪನಿಯ ಆಫೀಸು ಮಿರಜದಲ್ಲಿ. ಬಸ್ಸು ಒಂದು ತಾಸು ವಾಹನಗಳ ಸಂದಿಯಲ್ಲಿ ನಿಂತಿತು, ಆಫೀಸಿನಲ್ಲಿ ನಾಲ್ಕು ತಾಸು ಇವರು ಕುಂತರು. ಕೊನೆಗೆ ಸ್ವಪ್ನಾಲಿ ಬಂದಳು.

“ಬೋರ್ಡ ಹ್ಯಾಂಗ ಇಳಸೋದ್ರಿ ಕಾಕಾ? ಅದು ಬಂದಮ್ಯಾಲ ಆರ್ಡರ ದುಪ್ಪಟ ಆಗ್ಯಾವ.”

“ಯಾವ ಪುಣ್ಯಾತ್ಮರವಾ ತರಸವ್ರು?”

“ನಿಮ್ಮ ಓಣ್ಯಾವ್ರಽ ರಿ.”

“ಸುಳ್ಳ ಹೇಳಬ್ಯಾಡ! ನಮ್ಮ ಓಣಿ ಮಂದಿ ನಿಮಗ ದಿನಾ ಶಾಪಾ ಹಾಕ್ತಾರ,” ಎಂದು ಕೊಡೆ ಕುಟ್ಟಿ ಎದ್ದರು. ಅದು ಅವಳೇ ಕೊಟ್ಟ ಹಸಿರು ಕೊಡೆ ಎಂಬುದು ಮೆಟ್ಟಿಲಿಳಿದ ಮೇಲೆ ನೆನಪಾಯಿತು.

ಮನೆ ಮುಟ್ಟುವಾಗ ನಾಲ್ಕೂವರೆ. ಹೊಟ್ಟೆ ಚುರುಗುಟ್ಟುತ್ತಿತ್ತು. ಬೀಗಕ್ಕೆ ಕೀಲಿ ಹಾಕಬೇಕು, ಅಷ್ಟರಲ್ಲಿ ಕಾಂಚನಾ ತೋಳು ಹಿಡಿದಳು. ಓಣಿಯಲ್ಲಿ ನಲ್ಲಿ ನಿಂತರೂ ನಾಯಿ ಸತ್ತರೂ ಮುಂದಾಳು ಇವಳೇ. ಹಿಂದೆ ಹದಿನೈದು ಮಂದಿ, ಕೈಯಲ್ಲಿ ರಟ್ಟಿನ ಫಲಕಗಳು.

“ಬಾಪೂ ಕಾಕಾ, ನಿಮ್ಮ ಮಾರಿ ತೋರಿಸಿ ಕಂಪನಿ ಒಳಗ ಬಂದೈತಿ. ನಿಮ್ಮ ಮಾರಿ ತೋರಿಸಽ ಹೊರಗ ಹಾಕೂಣು. ರಸ್ತಾ ರೋಕೋ! ನೀವು ನಟ್ಟ ನಡುವ ಕುಂದ್ರಬೇಕು.”

“ತಂಗೀ, ಎರಡ ರೊಟ್ಟಿ ತಿಂದ...”

“ಹತ್ತ ಮಿನಿಟಿನ ಮಾತ ಕಾಕಾ!” ಅಂದ ಶ್ರೇಣಿಕ. ಓಣಿಯ ಕೊನೆಯ ಮನೆಯವ, ಫಲಕ ಬರೆದವನೂ ಅವನೇ.

ಬಾಪೂಸಾಹೇಬರು ಕಿಟಕಿಯತ್ತ ನೋಡಿದರು. ಸಿದ್ರಾಮಪ್ಪ ನೋಡುತ್ತಿದ್ದ. ಮೈಯಲ್ಲಿ ಎಲ್ಲಿಲ್ಲದ ಆವೇಶ ಬಂತು. ರಸ್ತೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಆ ಕಿಟಕಿಗೆ ಕೇಳುವಂತೆ, “ಬೋರ್ಡ ಇಳಿಯೂತನಾ ನಾ ಏಳೂದಿಲ್ಲ!” ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿತು.

ಐದಕ್ಕೆ ಗಾಡಿಗಳು ಬಂದು ಸಾಲುಗಟ್ಟಿದವು. ಯಾರೂ ಇಂಜಿನ್ ಆರಿಸಲಿಲ್ಲ. ಓಡುವಾಗ ಊರೆಲ್ಲ ಹಂಚಿ ಹೋಗುತ್ತಿದ್ದ ಹೊಗೆ ಈಗ ಓಣಿಯಲ್ಲೇ ನಿಂತಿತು. ಕಿಟಕಿಯಿಂದ ಕೆಮ್ಮು ಕೇಳಿದಾಗ ಬಾಪೂಸಾಹೇಬರಿಗೆ ಎಲ್ಲಾದರೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸಿತು.

ಸಾಲಿನ ಮೊದಲ ಗಾಡಿ ನಿಲೇಶನದು. ಕುಪವಾಡದ ಕಾರ್ಖಾನೆ ಮುಚ್ಚಿದ ಮೇಲೆ ಈ ಕೆಲಸ ಹಿಡಿದ ನಲವತ್ತರ ಗೃಹಸ್ಥ. ಅವನು ಚೀಲ ತೆರೆದು, ಫಲಕ ಹಿಡಿದವರತ್ತ ನೋಡಿ ಸಂಕೋಚದಿಂದ ಕೇಳಿದ, “ಕಾಂಚನಾ ವಹಿನಿ, ನಿಮ್ಮ ಹಾಲು, ಹೀರೇಕಾಯಿ... ಇಲ್ಲೇ ಕೊಡ್ಲೇನ್ರಿ?”

ಘೋಷಣೆ ಅರ್ಧಕ್ಕೆ ನಿಂತಿತು.

“ಇದೊಂದ ಸಲಾ ಅಷ್ಟ ಕಾಕಾ,” ಅಂದಳು ಕಾಂಚನಾ, ಚೀಲ ಸೆರಗಿನಲ್ಲಿ ಮುಚ್ಚುತ್ತಾ. “ಹೊತ್ತ ಮುಳಗೋದ್ರಾಗ ಅಡಗಿ ಆಗಬೇಕಲ್ಲ! ಮಾಡಿಟ್ಟ ಬಂದೆ.”

ಆಮೇಲೆ ಶ್ರೇಣಿಕನ ತುಪ್ಪ ಬಂತು. ಇನ್ನೊಬ್ಬರ ಹೆಸರುಬೇಳೆ ಬಂತು. ಹೆಚ್ಚಿನವು ಬಾಪೂಸಾಹೇಬರ ಹಾಗೆ ಹೊತ್ತು ಮುಳುಗಿದ ಮೇಲೆ ಉಣ್ಣದ ಜೈನರ ಮನೆಗಳು, ಆರಕ್ಕೆ ಹೊತ್ತು ಮುಳುಗುವ ದಿನಗಳು. ಒಬ್ಬೊಬ್ಬರೇ ಫಲಕ ಗೋಡೆಗೆ ಆನಿಸಿ ಒಳಗೆ ನಡೆದರು. ಐದೂವರೆಗೆ ಹೋರಾಟದಲ್ಲಿ ಉಳಿದವರು ಬಾಪೂಸಾಹೇಬರೊಬ್ಬರೇ.

ಹತ್ತು ಹೆಜ್ಜೆ ಆಚೆ ರೊಟ್ಟಿ ಪಲ್ಯ ಮುಚ್ಚಿಟ್ಟಿತ್ತು. ಸುತ್ತಲೂ ಒಗ್ಗರಣೆಯ ವಾಸನೆ ಎದ್ದಿತು. ಎದ್ದು ಹೋದರೆ ಕೇಳುವವರು ಯಾರೂ ಇರಲಿಲ್ಲ, ಒಂದು ಕಿಟಕಿಯ ಹೊರತು. ಸಿದ್ರಾಮಪ್ಪನ ಎದುರು ಇನ್ನೊಮ್ಮೆ ತುತ್ತಿಗೆ ಸೋಲುವುದು ಬೇಡ ಎಂದು ಹಲ್ಲು ಕಚ್ಚಿ ಕೂತರು. ಕಿಟಕಿಯಲ್ಲಿ ಅವನು ಮೊಮ್ಮಗಳು ಅನುಜಾಳಿಗೆ ಏನೋ ಕೈ ಮಾಡಿ ಹೇಳುತ್ತಿದ್ದ. ನನ್ನನ್ನೇ ನೋಡಿ ನಗುತ್ತಿರಬೇಕು ಅಂದುಕೊಂಡರು.

ಹೊತ್ತು ಮುಳುಗಿತು. ಮಾಲು ತರಲು ಗೋದಾಮಿಗೆ ಹೊರಳಿ ಹೋಗಿದ್ದ ನಿಲೇಶ ಸಾಲಿನ ಕೊನೆಯಿಂದ, ಗಾಡಿ ಬಿಟ್ಟು ನಡೆದೇ, ಏದುಸಿರು ಬಿಡುತ್ತಾ ಮತ್ತೆ ಬಂದ.

“ಕಾಕಾ, ನಿಮಗಽ ಇದು.”

ಚೀಲದಲ್ಲಿ ನಾಲ್ಕು ಬಾಳೆಹಣ್ಣು.

“ನಾ ತರಿಸಿಲ್ಲಪಾ.”

“ಆ ಸಿದ್ರಾಮಪ್ಪ ಕಾಕಾ ಕಳಿಸ್ಯಾರ್ರಿ. ‘ನಮ್ಮ ಮನ್ಯಾಗಿನ ಉಳ್ಳಾಗಡ್ಡಿ ಅಡಗಿ ಅಂವಾ ಉಣ್ಣೂದಿಲ್ಲ, ಹಸದ ಕುಂತಾನ, ಹೊತ್ತ ಮುಳಗೋದ್ರಾಗ ಮುಟ್ಟಸ್ರಿ’ ಅಂತ ಮೊಮ್ಮಗಳ ಕೈಲೆ ಆರ್ಡರಿನ್ಯಾಗ ಬರಿಸ್ಯಾರ. ಹತ್ತ ಮಿನಿಟಿನ್ಯಾಗ ತರತಿದ್ದೆ. ಏನ ಮಾಡ್ಲಿ, ನಡುವ ನೀವಽ ಕುಂತೀರಿ.”

ಬಾಪೂಸಾಹೇಬರು ಚೀಲವನ್ನು ಎದೆಗವಚಿಕೊಂಡರು. ನಗುವೂ ಬಂತು, ಕಣ್ಣೀರೂ ಬಂತು. ಒಂದು ಹಣ್ಣನ್ನು ಕಿಟಕಿಯತ್ತ ಎತ್ತಿ ತೋರಿಸಿ, “ಇನ್ನ ತಿನ್ನಾಕ ಬರೂದಿಲ್ಲೊ ಸಿದ್ರಾಮಪ್ಪಾ!” ಎಂದು ಕೂಗಿದರು.

ಎರಡು ವಾರದ ಮೇಲೆ ಆ ಕಿಟಕಿ ಮಾತಾಡಿತು. “ಹುಚ್ಚ ಮುದುಕಾ! ಇಟ್ಟಿರು. ನಾಳೆ ಮುಂಜಾನೆ ಕಟ್ಟೀಮ್ಯಾಲ ಕುಂತ ಇಬ್ಬರೂ ತಿನ್ನೂಣು.”

ಯಾರೋ ಹತ್ತಿರದಲ್ಲಿ ಫೋನು ಹಿಡಿದು ನಿಂತಿದ್ದರು. ಬಾಪೂಸಾಹೇಬರು ಕಣ್ಣೊರೆಸಿಕೊಂಡು ನೋಡಿದರೆ ಸ್ವಪ್ನಾಲಿ, ಜೊತೆಗೆ ಏಣಿ ಹೊತ್ತ ಇಬ್ಬರು.

“ಗೆದ್ರಿ ಬಿಡ್ರಿ ಕಾಕಾ. ಬೋರ್ಡ ಇಳಸಾಕ ಬಂದೇವಿ.”

ಅವರ ಕಣ್ಣೆದುರೇ ಬೋರ್ಡು ಇಳಿಯಿತು. ಆ ರಾತ್ರಿ ಬಾಪೂಸಾಹೇಬರು ಖಾಲಿ ಹೊಟ್ಟೆಯಲ್ಲಿ ಮಗುವಿನ ಹಾಗೆ ಮಲಗಿದರು.

ಬೆಳಿಗ್ಗೆ ಸುತ್ತಿಗೆಯ ಸಪ್ಪಳಕ್ಕೆ ಎಚ್ಚರವಾಯಿತು. ಹೊತ್ತು ಹುಟ್ಟುತ್ತಿತ್ತು. ಸ್ನಾನ ಮುಗಿಸಿ, ನಾಲ್ಕು ಹಣ್ಣು ತಾಟಿನಲ್ಲಿಟ್ಟುಕೊಂಡು ಕಟ್ಟೆಗೆ ಬಂದರು.

ಎದುರಿಗೆ ಕಾಂಚನಾಳ ಮೋಟು ಗೋಡೆಯ ಮೇಲೆ ಹಳೆಯದಕ್ಕಿಂತ ಎರಡು ಪಟ್ಟು ದೊಡ್ಡ ಬೋರ್ಡು. ಅದರಲ್ಲಿ ಚೀಲವನ್ನು ಎದೆಗವಚಿ, ಬಾಳೆಹಣ್ಣೆತ್ತಿ, ನಗುತ್ತಾ ಅಳುತ್ತಿರುವ ಬಾಪೂಸಾಹೇಬರು. ‘ರಸ್ತೆ ಬಂದಾದರೂ ನಾವು ಬಂದೆವು!’

“ಏನಿದು ಕಾಂಚನಾ?”

“ಗ್ವಾಡಿ ಬಾಡಿಗಿ ಕೊಡ್ತಾರಂತ ಕಾಕಾ,” ಅಂದಳು ಕಾಂಚನಾ, ನೆಲ ನೋಡುತ್ತಾ. “ಫೋಟೋದ್ದ ನೀವಽ ಸಹಿ ಮಾಡೀರಂತ.”

ಬಾಪೂಸಾಹೇಬರು ಆ ಗೋಡೆಯ ಹಿಂದೆ ಕಿಟಕಿಗಾಗಿ ಹುಡುಕಿದರು. ಕಾಣಲಿಲ್ಲ. ಬೋರ್ಡಿನ ಹಿಂದಿನಿಂದ ಕೆಮ್ಮು ಕೇಳಿತು, ಬಹಳ ಹೊತ್ತಿನ ಕೆಮ್ಮು.

“ಸಿದ್ರಾಮಪ್ಪಾ, ಹಣ್ಣ ತಂದೇನೊ! ಬಾರೊ, ತಿನ್ನೂಣು!”

ಅವನ ಮನೆಯ ಕದ ಎಳೆದು ಚಿಲಕ ಹಾಕಿದ ಸಪ್ಪಳವಾಯಿತು.

ಗೋದಾಮಿನಿಂದ ದಿನದ ಮೊದಲ ಗಾಡಿ ಹೊಗೆಯುಗುಳುತ್ತಾ ಬಂತು. ಬಾಪೂಸಾಹೇಬರು ತಾಟು ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ತಮ್ಮ ಅರ್ಧದಲ್ಲಿ ಕೂತೇ ಇದ್ದರು. ಬಿಸಿಲು ಕಾಲಿಗೆ ಬಂತು, ಹೊಟ್ಟೆ ಹಸಿದಿತ್ತು, ಒಂದು ಹಣ್ಣನ್ನೂ ಸುಲಿಯಲು ಅವರಿಂದ ಆಗಲಿಲ್ಲ.