ನಲ್ವತ್ತೆರಡು ಹವಳಗಳ ತನಿಖೆ

ನಾನು ಯಾವುದಾದರೂ ವಿಷಯವನ್ನು ಸರಿಯಾಗಿ ಕಲಿಯಬೇಕೆಂದು ಹೊರಟಾಗಲೆಲ್ಲ ಮನೆಯಲ್ಲಿ ಒಬ್ಬರ ನೆಮ್ಮದಿ ಹಾಳಾಗುತ್ತದೆ. ಹೆಚ್ಚಾಗಿ ನನ್ನದೇ. ಎಪ್ಪತ್ತರ ದಶಕದ ಕೊನೆಗೆ ಅದು ಹಾಳಾದದ್ದು ಹವಳದಿಂದ.

ನಾಲಿಗೆ ಮುಂದಾದದ್ದು

ಮಗಳನ್ನು ನೋಡಲು ಕಾರ್ಕಳದ ಗಂಡಿನ ಕಡೆಯವರು ಉಡುಪಿಯ ನಮ್ಮ ಮನೆಗೆ ಬಂದಿದ್ದರು. ಹುಡುಗನ ತಾಯಿ ಮಗಳ ಕೊರಳಿನ ಹವಳದ ಸರವನ್ನು ಎರಡು ಬೆರಳಲ್ಲಿ ಎತ್ತಿ, "ಅಸಲಿಯಾ?" ಎಂದರು. ನನ್ನ ಅತ್ತೆ ನನಗೆ ಕೊಟ್ಟ ಸರ ಅದು.

"ಅಪ್ಪಟ ಇಟಲಿಯ ಹವಳ. ನಾನು ಬಿ.ಎಸ್ಸಿ. ಓದಿದವಳು, ನನಗೆ ಗೊತ್ತಾಗುವುದಿಲ್ಲವೇ?" ಎಂದೆ.

ಬಿ.ಎಸ್ಸಿ.ಯಲ್ಲಿ ಹವಳದ ಪಾಠವೇ ಇರಲಿಲ್ಲ. ನಿಶ್ಚಿತಾರ್ಥಕ್ಕೆ ಮೊದಲು ಇನ್ನೊಮ್ಮೆ ಬರುತ್ತೇವೆಂದು ಹೇಳಿ ಅವರು ಹೋದರು. ಸರ ನಕಲಿಯೆಂದಾದರೆ ನನ್ನ ಮಾತೂ ನಕಲಿ, ಮಗಳ ಸಂಬಂಧದ ಗತಿ ಏನು? ಕುಳಿತಲ್ಲಿ ಕೂರಲಾಗಲಿಲ್ಲ. ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದೆ: ಮಣಿ, ಹುಟ್ಟೂರು, ಗುಣ, ಟ್ರೀಟ್‌ಮೆಂಟ್. ಕಲ್ಲಿಗೆ ಬಣ್ಣ, ಹೊಳಪು ಕೊಡುವುದಕ್ಕೆ ಇಂಗ್ಲಿಷಿನಲ್ಲಿ ಹಾಗೆನ್ನುತ್ತಾರೆ.

ಯಜಮಾನರು ಇಣುಕಿ ನೋಡಿ, "ಜಾತಕ ಕೂಡಿಸುವುದು ಯಾರದ್ದು? ಹುಡುಗನದ್ದಾ, ಹವಳದ್ದಾ?" ಎಂದರು.

ಹುಟ್ಟೂರು

ಹವಳ ಸಮುದ್ರದಲ್ಲಿ ಸಿಗುತ್ತದೆ ಎಂಬಷ್ಟು ಗೊತ್ತಿತ್ತು. ಮರುದಿನವೇ ಕಡಲತಡಿಯ ಕಾಪುವಿನ ತಂಗಿಯ ಮನೆಗೆ ಹೊರಟು, ದಾರಿಯಲ್ಲಿ ಬುಟ್ಟಿ ಹೊತ್ತು ಬಂದ ಮೀನಿನ ಹೆಂಗಸಿಗೆ ಸರ ತೋರಿಸಿದೆ. "ಇಂಥದ್ದು ನಿಮ್ಮ ಕಡಲಲ್ಲಿ ಸಿಗುವುದುಂಟಾ?"

ಆಕೆ ಬುಟ್ಟಿ ಇಳಿಸಿ, ಸರವನ್ನೂ ನನ್ನನ್ನೂ ನೋಡಿ, "ಸಿಗುವುದಿದ್ದರೆ ನಾನು ಬೂತಾಯಿ ಮೀನು ಮಾರ್ತಾ ಇದ್ದೆನಾ ಅಮ್ಮ?" ಎಂದಳು.

ಟ್ರೀಟ್‌ಮೆಂಟ್

ಮಣಿಪಾಲದಲ್ಲಿ ಪರಿಚಯದ ಪ್ರೊಫೆಸರರೊಬ್ಬರಿದ್ದರು. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಎಲ್ಲಿಗೆ ಹೊರಟದ್ದು?" ಎಂದು ಕೇಳಿದರು.

"ಮಣಿಪಾಲಕ್ಕೆ. ಕಲ್ಲಿನ ಟ್ರೀಟ್‌ಮೆಂಟ್ ಬಗ್ಗೆ ಕೇಳಲಿಕ್ಕೆ."

"ಅಯ್ಯೋ ಪಾಪ. ಎಷ್ಟು ಕಲ್ಲುಂಟು?"

"ನಲ್ವತ್ತೆರಡು."

ಬಸ್ಸಿನ ಅರ್ಧ ಜನ ತಿರುಗಿದರು. ಹಿಂದಿನ ಸೀಟಿನಿಂದ ಒಬ್ಬರು ಬಾಳೆದಿಂಡಿನ ರಸ ಎಂದರು, ಇನ್ನೊಬ್ಬರು ಹುರುಳಿ ಬೇಯಿಸಿದ ನೀರು ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. "ಇದು ನನ್ನ ಅತ್ತೆಯಿಂದ ಬಂದದ್ದು," ಎಂದೆ.

"ಅತ್ತೆಯಿಂದಲೂ ಬರ್ತದಾ ಮಾರಾಯ್ರೆ!"

ಕಂಡಕ್ಟರ್ ಆಸ್ಪತ್ರೆಯ ಎದುರೇ ಬಸ್ ನಿಲ್ಲಿಸಿ, ನನ್ನ ಚೀಲ ಹಿಡಿದುಕೊಂಡು, "ನಿಧಾನ ಇಳಿಯಿರಿ ಅಮ್ಮ, ಅಲ್ಲಾಡಬೇಡಿ, ಕಲ್ಲು ಜಾರೀತು," ಎಂದ.

ಗುಣ

ಪ್ರೊಫೆಸರರು ಚೆನ್ನಾಗಿ ವಿವರಿಸಿದರು. ಹವಳ ಕಲ್ಲೇ ಅಲ್ಲ. ಕಡಲಿನ ಸಣ್ಣ ಪ್ರಾಣಿಗಳು ಕಟ್ಟಿದ ಎಲುಬಿನಂಥ ಗೂಡು. ಒಳ್ಳೆಯ ಕೆಂಪು ಇಟಲಿಯ ಕಡೆಯದ್ದು. ಬಿಳಚಿದ್ದಕ್ಕೆ ಬಣ್ಣ ಕುಡಿಸುತ್ತಾರೆ, ಬಿರುಕಿಗೆ ಮೇಣ ತುಂಬುತ್ತಾರೆ, ಗಾಜನ್ನೇ ಹವಳವೆಂದು ಮಾರುವವರೂ ಇದ್ದಾರೆ. ಲಿಂಬೆರಸ ಹಾಕಿದರೆ ಅಸಲಿಯಿಂದ ಗುಳ್ಳೆ ಏಳುತ್ತದೆ, ಗಾಜಿನಿಂದ ಏಳುವುದಿಲ್ಲ.

ಎಲ್ಲವನ್ನೂ ಬರೆದುಕೊಂಡು ಬಂದು ಅತ್ತೆಗೆ ಓದಿ ಹೇಳಿದ್ದೇ ತಪ್ಪಾಯಿತು.

"ಎಂತ, ಎಲುಬಾ? ನಲ್ವತ್ತು ವರ್ಷ ಇದನ್ನು ಹಾಕಿಕೊಂಡೇ ಮಡಿಯಲ್ಲಿ ಅಡುಗೆ ಮಾಡಿದ್ದೇನಲ್ಲ!"

"ಶಂಖವೂ ಪ್ರಾಣಿಯದ್ದೇ ಅಲ್ವಾ ಅತ್ತೆ?"

"ಶಂಖವನ್ನು ಊದುವುದು. ಕೊರಳಿಗೆ ಕಟ್ಟಿಕೊಂಡು ಸಾರು ಕುದಿಸುವುದಲ್ಲ."

ಅಂದಿನಿಂದ ನಾನು ದೇವರ ಎದುರು ನಿಂತು ಸರ ಅಸಲಿಯಾಗಿರಲಿ ಎಂದು ಬೇಡಿದರೆ, ಪಕ್ಕದಲ್ಲೇ ಅತ್ತೆ, "ಗಾಜಾಗಿರಲಿ ಕೃಷ್ಣಾ," ಎಂದು ಬೇಡುತ್ತಿದ್ದರು. ದೇವರಿಗೂ ಕಷ್ಟವಾಗಿರಬೇಕು.

ಪರೀಕ್ಷೆ

ಹುಡುಗನ ತಾಯಿ ಮತ್ತೆ ಬಂದರು. ಈ ಸಲ ತಾವೂ ಒಂದು ಹವಳದ ಸರ ಹಾಕಿಕೊಂಡಿದ್ದರು, ನಮ್ಮದಕ್ಕಿಂತ ದಪ್ಪ, ನಮ್ಮದಕ್ಕಿಂತ ಕೆಂಪು. ಕಾಫಿ ಕುಡಿದು ಲೋಟ ಇಡುವ ಮೊದಲೇ, "ಅಸಲಿ ಎಂದಿದ್ದಿರಿ ಅಲ್ವಾ?" ಎಂದರು.

"ನೀವೇ ನೋಡಿ," ಎಂದು ತಟ್ಟೆಯಲ್ಲಿ ನಮ್ಮ ಸರ ಇಟ್ಟು ಲಿಂಬೆಹಣ್ಣು ಕತ್ತರಿಸಿದೆ. ಗುಳ್ಳೆ ಬಂದರೆ ಅಸಲಿ, ಬಾರದಿದ್ದರೆ ಗಾಜು ಎಂದೂ ಹೇಳಿದೆ. ಕಂಬಕ್ಕೆ ಒರಗಿದ್ದ ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು.

ಒಂದು ಹನಿ ಬಿಟ್ಟೆ. ಏನೂ ಇಲ್ಲ. ಅತ್ತೆ ಒಂದು ಕಣ್ಣು ತೆರೆದರು. ಆಮೇಲೆ ಮಣಿಯ ಮೇಲೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದಾಗಿ ಎದ್ದವು.

"ಗುಳ್ಳೆ!" ಎಂದು ಕೂಗಿದೆ.

"ಎಲುಬು!" ಎಂದು ಕೂಗಿ ಅತ್ತೆ ನೇರ ಬಾವಿಕಟ್ಟೆಗೆ ನಡೆದರು. ತಲೆಗೆ ಕೊಡಗಟ್ಟಲೆ ನೀರು ಸುರಿದುಕೊಳ್ಳುವ ಸದ್ದು ಚಾವಡಿಗೆ ಕೇಳಿಸಿತು.

"ಅವರಿಗೆ ಎಂತ ಆಯ್ತು?" ಎಂದು ಹುಡುಗನ ತಾಯಿ ಗಾಬರಿಯಾದರು.

"ಅಸಲಿ ಹವಳ ಪ್ರಾಣಿಯದ್ದು. ಅದಕ್ಕೆ ಮಡಿ ಸ್ನಾನ," ಎಂದು ತಿಳಿಸಿ, ಗೆದ್ದ ಹುರುಪಿನಲ್ಲಿ ಲಿಂಬೆಯ ಇನ್ನೊಂದು ಹೋಳು ಎತ್ತಿಕೊಂಡೆ. "ಕೊಡಿ, ನಿಮ್ಮದನ್ನೂ ನೋಡಿಬಿಡುವ."

ಅವರ ಕೈ ಫಕ್ಕನೆ ಕೊರಳಿಗೆ ಹೋಯಿತು. ಸರವನ್ನು ಸೆರಗಿನೊಳಗೆ ಸೇರಿಸಿದರು. ಲಿಂಬೆಯನ್ನು ನೋಡಿದರು, ನನ್ನನ್ನು ನೋಡಿದರು, ಬಾವಿಯ ಕಡೆ ನೋಡಿದರು. ನಿಧಾನವಾಗಿ ಎದ್ದು ನಿಂತು, "ಪರೀಕ್ಷೆ ಎಂತಕ್ಕೆ ಬೀಗಿತ್ತಿ? ನಮ್ಮದೂ ಅಸಲಿಯೇ," ಎಂದರು. "ನನಗೂ ಒಂದು ಕೊಡ ನೀರು ಸೇದಿಸಿ."