ಗೈಡ್ ಮೇಡಂ ಕೇಳಿದ ಕಚ್ಚಾ ವಹಿ

ಆ ದಿನ ಬೆಳಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ರೊಟ್ಟಿ ಬಡಿದು, ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗೆ ಹೊರಟ ಯಜಮಾನರ ಡಬ್ಬಿ ಕಟ್ಟಿ, ಆಮೇಲಷ್ಟೇ ಹೆದರಲು ಪುರುಸೊತ್ತು ಮಾಡಿಕೊಂಡೆ. ಖಾನಾಪುರದಲ್ಲಿ ಗೈಡ್ ಮೇಡಂ ಕಾಯುತ್ತಿದ್ದರು. ನಲವತ್ತೇಳರಲ್ಲಿ ಪಿಎಚ್‌ಡಿಯ ಹುಕಿ ಹತ್ತಿದವಳಿಗೆ ಗೈಡ್ ಸಿಗುವುದೇನು ಸುಲಭವೆ? ಒಬ್ಬರು ವಯಸ್ಸು ಕೇಳಿದ್ದರು, ಇನ್ನೊಬ್ಬರು, “ಮನ್ಯಾಗ ಒಪ್ಪ್ಯಾರೇನ್ರಿ?” ಎಂದಿದ್ದರು. ಈ ಮೇಡಂ ಮಾತ್ರ, ಹಳೆ ಸೀರೆಯ ತುಂಡು ಸೇರಿಸಿ ಹೊಲಿಯುವ ಕೌದಿಯೇ ನನ್ನ ವಿಷಯವೆಂದಾಗ, “ಕೌದಿ ಮ್ಯಾಲ ಬರೀತೀರಿ? ಯಾರು ಹೊಲಿದ ಕೌದಿ?” ಎಂದು ಕೇಳಿದರು. ಅಲ್ಲೇ ಮನಸ್ಸು ಕೊಟ್ಟುಬಿಟ್ಟೆ.

ಕೊಡದೆ ಉಳಿದದ್ದು ಅಧ್ಯಾಯ. ನಮ್ಮ ಕಾನ್ವೆಂಟಿನ ಸಿಸ್ಟರುಗಳು ಗೀಚಿದ ಹಾಳೆಯನ್ನು ಮುಟ್ಟುತ್ತಿರಲಿಲ್ಲ. ಆ ಭಯಕ್ಕೆ ಮೊದಲ ನಾಲ್ಕು ಪುಟಗಳನ್ನೇ ಎಂಟು ಸಲ ದುಂಡಗೆ ನಕಲು ಮಾಡಿದ್ದೆ, ಐದನೆಯದು ಹುಟ್ಟಿರಲಿಲ್ಲ. ಬರಿಗೈಲಿ ಹೋಗಬಾರದೆಂದು ಪ್ರತಿ ಸಲ ಶೇಂಗಾ ಹೋಳಿಗೆ ಒಯ್ಯುತ್ತಿದ್ದೆ. ತಿನ್ನುತ್ತ ಮಾತಾಡುತ್ತ ಬಸ್ಸಿನ ಹೊತ್ತಾಗುತ್ತಿತ್ತು. ಕೊನೆಗೆ ಮೇಡಂ ಫೋನಿನಲ್ಲಿ, “ಈ ಸಲ ಬರದದ್ದು ತರಲಿಲ್ಲಂದ್ರ ಬ್ಯಾರೆ ಗೈಡ್ ನೋಡ್ಕೋರಿ” ಎಂದಿದ್ದರು.

ಅವತ್ತೂ ಹೋಳಿಗೆಯ ಡಬ್ಬಿ, ಜೊತೆಗೆ ಅದೇ ನಾಲ್ಕು ಪುಟ ಮುಂದೆ ಚಾಚಿದೆ.

“ಹೋಳಿಗಿ ಆಮ್ಯಾಲ. ನಾಕ ಪುಟ ಏನ್ರಿ ಇದು? ಉಳದದ್ದು?”

“ಕಚ್ಚಾ ವಹ್ಯಾಗ ಐತ್ರಿ ಮೇಡಂ. ತೋರ್ಸೂ ಹಂಗಿಲ್ಲ, ಭಾಳ ಗೀಚೀನಿ.”

“ಚಂದ ಬರದದ್ದ್ರಾಗ ನಾ ಏನ್ ತಿದ್ದಲಿ? ಕೊಡ್ರಿ ಇಲ್ಲೆ!”

ಬೀಡಿ ಎಂಬ ಊರಿನ ಕೌದಿ ಹೊಲಿಯುವ ಅಜ್ಜಿಯರು ಹೇಳಿದ್ದನ್ನೆಲ್ಲ ಅವಸರದಲ್ಲಿ ಗೀಚಿಕೊಂಡ, ಒಗ್ಗರಣೆಯ ಎಣ್ಣೆ ಸಿಡಿದ ವಹಿ ಅದು. ಮೇಡಂ ಕೆಂಪು ಪೆನ್ನು ಹಿಡಿದು ಎರಡು ತಾಸು ಓದಿದರು. “ಈ ಹರಕ ಸೀರಿ ಯಾರದಂತ ಕೇಳಬಾರದೇನ್ರಿ ಆ ಅಜ್ಜಿಗೆ?” ಎಂದು ಬೈದರು. ಒಂದು ಕಡೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಕೊನೆಗೆ ಹೋಳಿಗೆ ಬಾಯಿಗಿಟ್ಟು, ಏಲಕ್ಕಿ ಕಡಿಮೆಯೆಂದು ಅದನ್ನೂ ತಿದ್ದಿದರು. ಹೊರಡುವಾಗ, “ಮುಂದಿನ ಮಂಗಳವಾರ ಹಿಂಗ ಗೀಚಿ ತರ್ರಿ” ಎಂದರು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಅದು ನೆನಪಾದದ್ದು ಬೆಳಗಾವಿಯಲ್ಲಿ ಇಳಿದ ಮೇಲೆ.

ಸಂಜೆ ಹೆಪ್ಪು ಕೇಳಲು ಬಂದ ಬಾಜೂ ಮನೆಯ ಮಹಾದೇವಿ ಮೇಜಿನ ಮೇಲೆ ಕೆಂಪು ಗೆರೆ ತುಂಬಿದ್ದ ವಹಿಯಲ್ಲಿ ಇಣುಕಿದಳು. “ಅಯ್ಯ ಅಕ್ಕಾರ, ಇಷ್ಟು ತಪ್ಪ?”

ನಾನು ಬಹುಮಾನ ಬಂದವಳಂತೆ ಒಂದೊಂದೇ ಪುಟ ತಿರುವಿ ತೋರಿಸಿದೆ. ಅವಳು ಹೆಪ್ಪಿನ ವಾಟಿ ಎತ್ತಿಕೊಂಡು ಹೊರಡುತ್ತ ಅಂದಳು:

“ನಿಮ್ಮ ಪುಣ್ಯಾ ಬಿಡ್ರಿ. ನಾ ಬರದ ಕಿರಾಣಿ ಚೀಟೀನೂ ನಮ್ಮನ್ಯಾಗ ಯಾರೂ ಪೂರಾ ಓದೂದಿಲ್ಲ.”