ಬಕೆಟ್ಟಿನ ಹಕ್ಕು ಮತ್ತು ನನ್ನ ಬಿಎ

"ಇವ್ಳು ಡಿಗ್ರಿ ಮಾಡೋದಾ? ಮೊದ್ಲು ಹೊರಗೆ ಬರ್ಲಿ" ಎಂದವರು ಸಾರಕ್ಕಿಯ ನಮ್ಮ ಸೋದರತ್ತೆ. ಅವರನ್ನು ದೂರಿ ಪ್ರಯೋಜನವಿಲ್ಲ. ನಮ್ಮ ವಂಶದಲ್ಲಿ ಪಿಯುಸಿ ದಾಟಿದವರಿರಲಿಲ್ಲ. ಜೈಲಿನ ಬಾಗಿಲು ದಾಟಿದವರೂ ಇರಲಿಲ್ಲ. ಎರಡಕ್ಕೂ ನಾನೇ ಮೊದಲು. ಬೀದಿ ಜಗಳವೊಂದು ಕೇಸಾಗಿ ನಾನು ಒಳಗೆ ಹೋದದ್ದು ದೂರಶಿಕ್ಷಣದ ಬಿಎ ಕೊನೆಯ ವರ್ಷದಲ್ಲಿ.

ಜೈಲೆಂದರೆ ಏಕಾಂತ, ಹಾಯಾಗಿ ಓದಿಕೊಳ್ಳಬಹುದು ಎಂದು ನಂಬಿದ್ದ ಪೆದ್ದಿ ನಾನು. ಹೋದ ಸಂಜೆಯೇ ನನಗೊಂದು ಸಂಸಾರ ಗಂಟುಬಿತ್ತು. ಬ್ಯಾರಕ್ಕಿನ ಸಾಕಮ್ಮ "ಇವ್ಳು ನನ್ ಮಗ್ಳು" ಎಂದು ಸಾರಿ ಚಾಪೆ ಹಾಸಿಕೊಟ್ಟಳು. ಅವಳ ಆಸ್ತಿಯೆಂದರೆ ಒಂದು ಬಕೆಟ್ಟು, ಕಿಟಕಿ ಪಕ್ಕದ ಜಾಗ. ಅಲ್ಲಿ ಮೊದಲು ಬಂದವರೇ ಹಿರಿಯರು. ಹಾಗಾಗಿ ನನಗಿಂತ ಎಷ್ಟೋ ಚಿಕ್ಕವಳಾದ ಮಂಜುಳಾ ನನಗೆ ಅಕ್ಕ; ಅವಳ ತಲೆ ಬಾಚುವುದು, ಅವಳಿಂದ ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ. ಮಾತೂ ಬೇರೆಯೇ. ಜೈಲಿಗೆ 'ಅತ್ತೆಮನೆ', ಜಾಮೀನಿಗೆ 'ತವರು', ಕೋರ್ಟಿಗೆ ಹೋಗುವುದಕ್ಕೆ 'ಹೆಣ್ಣು ತೋರಿಸೋದು'. ಎರವಲು ಸೀರೆ ಉಟ್ಟು ಹೋಗಿ ಬರೀ ಮುಂದಿನ ತಾರೀಖು ಹಿಡಿದು ಬಂದರೆ, "ಈ ಗಂಡೂ ಒಪ್ಲಿಲ್ವೇನೇ?" ಎಂದು ಇಡೀ ಬ್ಯಾರಕ್ಕು ನಗುತ್ತಿತ್ತು. ನಗುತ್ತಲೇ ಯಾರೋ ಒಬ್ಬಳು ತನ್ನ ಮುದ್ದೆಯಲ್ಲಿ ಅರ್ಧ ಮುರಿದು ತಟ್ಟೆಗೆ ಹಾಕುತ್ತಿದ್ದಳು.

ಉಳಿದದ್ದೆಲ್ಲ ಹೇಗೋ ಮುಗಿಸಿದ್ದೆ. ಸಮಾಜಶಾಸ್ತ್ರದಲ್ಲಿ ಮಾತ್ರ ಹಿಂದಿನ ಸಲ ಫೇಲು. ಈ ಸಲವೂ ಹೋದರೆ ಡಿಗ್ರಿಯೇ ಹೋದಂತೆ. ಜೈಲಿನಲ್ಲೇ ಪರೀಕ್ಷೆಗೆ ಕೂತೆ. ನಮ್ಮ ಸಮಾಜದಲ್ಲಿ ಕುಟುಂಬ ಮತ್ತು ಆಸ್ತಿಯ ಹಕ್ಕನ್ನು ವಿವರಿಸಿ ಎಂದು ಪ್ರಶ್ನೆ ಬಂತು. ಪುಸ್ತಕದ ಒಂದಕ್ಷರವೂ ನೆನಪಾಗಲಿಲ್ಲ. ಕೈ ತನ್ನಷ್ಟಕ್ಕೆ ಬರೆಯಿತು: 'ಕುಟುಂಬದಲ್ಲಿ ಮೊದಲು ಬಂದವರೇ ಹಿರಿಯರು. ತಾಯಿಗೆ ಜಾಮೀನಾದರೆ ಬಕೆಟ್ಟು ಹಿರಿಯ ಮಗಳಿಗೂ, ಕಿಟಕಿ ಪಕ್ಕದ ಜಾಗ ಕಿರಿಯಳಿಗೂ ಸೇರತಕ್ಕದ್ದು.' ಪೇಪರು ಕೊಟ್ಟು ಎದ್ದಮೇಲೆ ಎಚ್ಚರವಾಯಿತು.

ಬ್ಯಾರಕ್ಕಿಗೆ ಬಂದು, ಬರೆದದ್ದನ್ನು ಹೇಳಿಕೊಂಡು ಗೊಳೋ ಎಂದು ಅತ್ತೆ. ಸಮಾಧಾನ ಹೇಳುವುದು ಬಿಟ್ಟು ಮಂಜುಳಾ ಸೊಂಟಕ್ಕೆ ಕೈಯಿಟ್ಟು ನಿಂತಳು: "ಕಿಟಕಿ ಜಾಗ ನಿಂಗೆ ಅಂತ ಯಾರೇ ಬರ್ಕೊಟ್ಟಿದ್ದು?"

"ನಾನೇ ಬರ್ಕೊಂಡೆ ಅಕ್ಕ" ಎಂದೆ.

ಹೇಗೋ ಪಾಸಾದೆ. "ಪೇಪರ್ ತಿದ್ದಿದೋರೂ ಅತ್ತೆಮನೆ ಕಂಡೋರೇ ಬಿಡು" ಎಂದಳು ಸಾಕಮ್ಮ.

ಕೇಸು ಬಿದ್ದುಹೋಗಿ ಹೊರಬಂದ ಮೇಲೆ, ಜಯನಗರದ ಕಚೇರಿಯೊಂದರಲ್ಲಿ ಗುಮಾಸ್ತರು ಪ್ರಮಾಣಪತ್ರವನ್ನು ಕೈಗಿತ್ತರು. ಜೊತೆಗೆ ಬಂದಿದ್ದ ಸೋದರತ್ತೆ ಅದರಲ್ಲಿದ್ದ ನನ್ನ ಹೆಸರಿನ ಮೇಲೆ ಬೆರಳಾಡಿಸಿದರು. ಕಣ್ಣು ಒದ್ದೆಯಾಗಿತ್ತು. ಹೊಗಳಿಕೆ ಬರುವುದು ಖಾತ್ರಿಯೆಂದು ನಾನು ಸೆರಗು ಸರಿಮಾಡಿಕೊಂಡು ನಿಂತೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ಅಲ್ವೇ, ಜೈಲಲ್ಲಿ ಗಂಡಸ್ರ ಕಡೆನೂ ಇಷ್ಟು ಚೆನ್ನಾಗಿ ಓದಿಸ್ತಾರೇನೇ? ನನ್ ಮಗ ಲೋಕಿ ಪಿಯುಸೀಲೇ ಕೂತ್ಬಿಟ್ಟವ್ನೆ."